ಕೂತು ತಿಂದ ರೊಟ್ಟಿ

ನಾನು ದಿನವೂ ರೊಟ್ಟಿ ತಟ್ಟುತ್ತಿದ್ದೆ. ಆ ರೊಟ್ಟಿಯನ್ನು ಯಾರೂ ತಿನ್ನುತ್ತಿರಲಿಲ್ಲ.

ತಿನ್ನಬಾರದು ಅಂತಲೇ ನಿಯಮ. ಪರದೇಶದ ಒಂದು ಆಟದ ಪಾರ್ಕಿನೊಳಗೆ, ಗಿರಗಿರ ತಿರುಗುವ ದೊಡ್ಡ ತೊಟ್ಟಿಲಿಗೂ ಗಂಟೆಗೊಮ್ಮೆ ಹೊಗೆ ಬಿಡುವ ಸಿಮೆಂಟಿನ ಜ್ವಾಲಾಮುಖಿಗೂ ನಡುವೆ ನಮ್ಮ ಹೋಟೆಲು. ‘ಚೋಲೆ ಅಜ್ಜಿಯ ಅಂಗಳ’ ಅಂತ ಬೋರ್ಡು. ಚೋಲೆ ಅನ್ನುವ ಅಜ್ಜಿ ಯಾರೂ ಇರಲಿಲ್ಲ. ಬಾಗಿಲಲ್ಲೇ ಒಂದು ಒಲೆ. ಒಳಗೆ ಗ್ಯಾಸು, ಹೊರಗೆ ತೋರಿಕೆಗೆ ನಾಲ್ಕು ಸೌದೆ. ಅದರ ಮೇಲೆ ಮಣ್ಣಿನ ಹೆಂಚು. ಹೆಂಚಿನ ಮುಂದೆ ಮಂಡಿಯೂರಿ ಕೂತವಳು ನಾನು, ಒತಿಲಿಯಾ.

ಒತಿಲಿಯಾ ಅನ್ನೋಕೆ ಅತಿಥಿಗಳಿಗೆ ನಾಲಿಗೆ ಹೊರಳುವುದಿಲ್ಲವಂತೆ. ಅದಕ್ಕೆ ಎದೆಯ ಮೇಲೆ ಲುಪೀತಾ ಅಂತ ಹೆಸರು ಸಿಕ್ಕಿಸಿದರು. ಗಿರಾಕಿ ಅನ್ನಬಾರದು, ಅತಿಥಿ ಅನ್ನಬೇಕು. ಹೂಬಳ್ಳಿ ಕಸೂತಿಯ ಅಂಗಿ ಕೊಟ್ಟರು. ಅದು ನಮ್ಮೂರ ಕಸೂತಿಯಲ್ಲ, ಯಾವ ಊರಿನದೂ ಅಲ್ಲ. ನನ್ನ ಕೂದಲು ಮೋಟು. ಎರಡು ಸುಳ್ಳು ಜಡೆ ಕಟ್ಟಿ ಕೆಂಪು ರಿಬ್ಬನ್ ಬಿಗಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುತ್ತಾರಲ್ಲ, ಹಾಗಿತ್ತು ನನ್ನ ಅವತಾರ.

ಬೆಳಗಿನಿಂದ ಸಂಜೆವರೆಗೆ ಮಂಡಿಯ ಮೇಲೇ ಇರಬೇಕು. ಸ್ಟೂಲ್ ಕೇಳಿದ್ದಕ್ಕೆ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂದರು. ನಗುತ್ತಿರಬೇಕು, ಮಾತಾಡಬಾರದು. ಇಂಗ್ಲಿಷಿನಲ್ಲಂತೂ ಬಾಯಿ ಬಿಡಲೇಬಾರದು. ಬಂದವರೆಲ್ಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಒಬ್ಬಳು ಹೇಳದೆ ಕೇಳದೆ ನನ್ನ ಜಡೆ ಎಳೆದು ನೋಡಿದಳು. ಅದು ಕೈಗೇ ಬಂತು. ಅವಳು ಕಿಸಕ್ಕನೆ ನಕ್ಕಳು. ನಾನೂ ನಗಬೇಕಾಯಿತು, ಅದು ಕೆಲಸ.

ಅತಿಥಿಗಳ ತಟ್ಟೆಗೆ ಹೋಗುತ್ತಿದ್ದದ್ದು ಲಾರಿಯಲ್ಲಿ ಬರುವ ಪ್ಯಾಕೆಟ್ ರೊಟ್ಟಿ. ನನ್ನದು ಹೋಗುತ್ತಿರಲಿಲ್ಲ. ಜನ ಓಡಾಡುವ ಕಡೆ ಬರಿಗೈಯಲ್ಲಿ ತಟ್ಟಿದ್ದು ಊಟವಲ್ಲ, ಅಲಂಕಾರ ಅಂತ ಮ್ಯಾನೇಜರ್ ಸಾಂತಿಲ್ಯಾನ್ ಮೊದಲ ದಿನವೇ ಹೇಳಿದ್ದ. ಅವನೂ ನಮ್ಮ ಹಾಗೆ ಮೆಕ್ಸಿಕೋದಿಂದ ಬಂದವನೇ. ದೊಡ್ಡ ಪಟ್ಟಣದವನು, ಬೆಳ್ಳಗಿದ್ದ. ನಾವು ವಾಹಾಕಾ ಬೆಟ್ಟದವರು, ಕುಳ್ಳರು, ಕಪ್ಪಗಿರುವವರು, ಮನೆಯಲ್ಲಿ ಸ್ಪ್ಯಾನಿಷ್ ಬಿಟ್ಟು ನಮ್ಮ ಬೆಟ್ಟದ ಮಾತಾಡುವವರು. ಅವನ ಬಾಯಲ್ಲಿ ನಾವೆಲ್ಲ ‘ವಾಹಾಕೀತಾ’, ಅಂದರೆ ವಾಹಾಕಾದ ಪುಟಾಣಿ. ನಾಯಿಮರಿ ಕರೆದ ಹಾಗೆ ಕರೆಯುತ್ತಿದ್ದ. ಬಿಳಿಯರು ನಮ್ಮನ್ನು ಬೈದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ, ಇವನು ಮುದ್ದಾಗಿ ಕರೆದಾಗ ಹೊಟ್ಟೆ ಉರಿಯುತ್ತಿತ್ತು.

ಬುಟ್ಟಿ ತುಂಬಿದ ಮೇಲೆ ರೊಟ್ಟಿಯನ್ನೆಲ್ಲ ಹಿಂದಕ್ಕೆ ಒಯ್ದು ಕಪ್ಪು ಚೀಲಕ್ಕೆ ಹಾಕಬೇಕು. ಪಾತ್ರೆ ತೊಳೆಯುವವರು ಅದನ್ನು ತೆಗೆದು ತಿನ್ನುತ್ತಾರೆ ಅಂತ ಯಾರೋ ಚಾಡಿ ಹೇಳಿದರು. ಆಮೇಲೆ ಇನ್ನೊಂದು ನಿಯಮ ಬಂತು. ಚೀಲದೊಳಗಿನ ರೊಟ್ಟಿಯ ಮೇಲೆ ನೀಲಿ ಸೋಪಿನ ನೀರು ಹುಯ್ಯಬೇಕು. ಹುಯ್ಯಬೇಕಾದವಳು ತಟ್ಟಿದವಳೇ.

ನಮ್ಮೂರಲ್ಲಿ ಮೆಕ್ಕೆಜೋಳದ ಒಂದು ಕಾಳು ದಾರಿಯಲ್ಲಿ ಬಿದ್ದಿದ್ದರೂ ಬಗ್ಗಿ ಎತ್ತಿಕೊಳ್ಳುತ್ತೇವೆ. ಎತ್ತದೆ ಹೋದರೆ ಅದು ಅಳುತ್ತೆ ಅಂತ ಅವ್ವ ಹೇಳುತ್ತಿದ್ದಳು. ಅಂಥ ಅವ್ವನ ಮಗಳು ನಾನು, ಇನ್ನೂ ಹಬೆಯಾಡುವ ರೊಟ್ಟಿಯ ಮೇಲೆ ಸೋಪು ಹುಯ್ಯುತ್ತಿದ್ದೆ. ಮನೆಗೆ ಬಂದರೆ ಗಂಡನ ಜೊತೆ ಮಾತಾಡಲು ಮನಸ್ಸಾಗುತ್ತಿರಲಿಲ್ಲ. ಅಬುಂದಿಯೋ ಛಾವಣಿ ಹೊದಿಸುವ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಮನೆ ನಡೆಯುತ್ತಿದ್ದದ್ದು ಆ ಹೆಂಚಿನಿಂದಲೇ. ಅದಕ್ಕೇ ಹುಯ್ಯುತ್ತಿದ್ದೆ. ಇದನ್ನು ಮುಚ್ಚಿಟ್ಟು ನನಗೇನೂ ಆಗಬೇಕಾದ್ದಿಲ್ಲ.

ಹೋಟೆಲಿನ ಹಿಂಭಾಗದಲ್ಲಿ ಪಾತ್ರೆ ತೊಳೆಯುತ್ತಿದ್ದವನು ನಮ್ಮೂರ ಸೆಲೆರಿನೋ ದೊಡ್ಡಪ್ಪ. ನಮ್ಮಪ್ಪನ ಓರಗೆಯವನು. ಬಿಸಿನೀರು, ಹಬೆ, ಸೋಪು. ಅವನ ಕೈಯ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ ಬೆರಳಿನ ಸಂದಿಯೆಲ್ಲ ಸೀಳಿರುತ್ತಿತ್ತು. ಆ ವರ್ಷ ಊರ ಸಭೆ ಅವನನ್ನು ಮುಂದಿನ ವರ್ಷದ ನೀರಿನ ಯಜಮಾನ ಅಂತ ಆರಿಸಿತ್ತು. ಬೆಟ್ಟದ ಬುಗ್ಗೆಯಿಂದ ಇಳಿಯುವ ನೀರಿಗೆ ಒಂದು ತೊಟ್ಟಿ, ತೊಟ್ಟಿಗೆ ಬೀಗ. ಒಂದು ವರ್ಷ ಅದರ ಕೀಲಿ ಅವನ ಸೊಂಟದಲ್ಲಿರಬೇಕು. ಸಂಬಳ ಇಲ್ಲ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯೂ ಇಲ್ಲ. ಹೊಸ ವರ್ಷಕ್ಕೆ ಊರಿಗೆ ಹೊರಡುತ್ತೇನೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದ. ಕೀಲಿ ಕಳೆದೀಯ ದೊಡ್ಡಪ್ಪ, ಊರಿಗೆ ಊರೇ ಬಾಯಾರಿ ಸತ್ತೀತು ಅಂತ ನಾವು ಛೇಡಿಸುತ್ತಿದ್ದೆವು. ಅವನು ಖಾಲಿ ಸೊಂಟ ಮುಟ್ಟಿಕೊಂಡು ತೋರಿಸುತ್ತಿದ್ದ.

ಅವತ್ತು ಬಿಸಿಲು ಸುಡುತ್ತಿತ್ತು. ಜನ ಮುಕುರಿದ್ದರು. ಪಾತ್ರೆಯವರಿಗೆ ಊಟದ ಬಿಡುವೂ ಕೊಟ್ಟಿರಲಿಲ್ಲ. ನನ್ನ ಒಲೆಯ ಹತ್ತಿರ ಯಾರೋ ಶರಬತ್ತು ಚೆಲ್ಲಿದರು. ಒರೆಸಲು ದೊಡ್ಡಪ್ಪ ಬಂದ. ಬಗ್ಗಿ ಒರೆಸಿ ಏಳುವಾಗ ತೂರಾಡಿ ಗೋಡೆ ಹಿಡಿದುಕೊಂಡ. ಮುಖ ಬೂದಿಯಾಗಿತ್ತು.

ಹೆಂಚಿನ ಮೇಲೆ ರೊಟ್ಟಿ ಉಬ್ಬಿತ್ತು. ನಮ್ಮೂರಲ್ಲಿ ಹೆಂಚಿನ ಹತ್ತಿರ ಹಸಿದವನು ನಿಂತಿದ್ದರೆ ಬೇಕಾ ಅಂತ ಕೇಳುವುದಿಲ್ಲ. ಕೇಳಿದರೆ ಅವಮಾನ. ತೆಗೆದು, ಉಪ್ಪು ಉದುರಿಸಿ, ಮಡಿಸಿ ಕೈಗಿಡುವುದು. ನಾನು ಇಟ್ಟೆ. ಇಸಿದುಕೊಂಡವನೂ ನಿಂತು ತಿನ್ನುವ ಹಾಗಿಲ್ಲ. ಟೋಪಿ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಕೂತು ತಿನ್ನಬೇಕು. ಓಡಾಡಿಕೊಂಡು ತಿನ್ನುವವನಿಗೆ ಜೋಳದ ಮೇಲೆ ಗೌರವವಿಲ್ಲ ಅಂತ ಲೆಕ್ಕ. ಬೇರೆ ಯಾರಾಗಿದ್ದರೂ ಬಾಯಿಗೆ ತುರುಕಿಕೊಂಡು ಒಳಗೆ ಓಡುತ್ತಿದ್ದರು. ದೊಡ್ಡಪ್ಪ ಟೋಪಿ ತೆಗೆದ. ಪಕ್ಕದಲ್ಲಿದ್ದ ಕುರ್ಚಿಯ ಮೇಲೆ ಕೂತ. ಅದು ಅತಿಥಿಗಳ ಕುರ್ಚಿ.

ಒದ್ದೆ ಏಪ್ರನ್, ರಬ್ಬರ್ ಬೂಟು, ಬಿಳಿ ಹಾಸಿನ ಮೇಜು. ನಿಧಾನಕ್ಕೆ ತಿಂದ. ಬಾಗಿಲಲ್ಲಿ ಕಾಯುತ್ತಿದ್ದ ಒಬ್ಬ ಹೆಂಗಸು ಇದೂ ಒಂದು ಪ್ರದರ್ಶನ ಅಂದುಕೊಂಡು ಖುಷಿಯಿಂದ ಫೋಟೋ ತೆಗೆದಳು. ಅದನ್ನು ಫೋನಿನಲ್ಲಿ ಲೋಕಕ್ಕೆಲ್ಲ ತೋರಿಸಿದಳು. ಪಾರ್ಕಿನ ದೊಡ್ಡ ಆಫೀಸಿನವರ ಕಣ್ಣಿಗೂ ಬಿತ್ತು. ಮಾರನೆಯ ದಿನ ಗೇಟಿನಲ್ಲೇ ದೊಡ್ಡಪ್ಪನನ್ನು ತಡೆದರು. ತಿಂಡಿ ಕದ್ದಿದ್ದಾನೆ, ಕೆಲಸವಿಲ್ಲ ಅಂದರು. ಯಾವುದನ್ನು ಕದ್ದದ್ದು? ಸೋಪು ಹುಯ್ದು ಎಸೆಯುವುದನ್ನು. ಊಟವಲ್ಲ, ಅಲಂಕಾರ ಅಂದದ್ದನ್ನು. ಅವನು ತಿಂದ ಕೂಡಲೆ ಅದು ಊಟವಾಗಿಬಿಟ್ಟಿತು.

ಪಾರ್ಕಿನಲ್ಲಿ ನಮ್ಮೂರ ಕಡೆಯವರು ಹತ್ತಾರು ಜನ ಇದ್ದೆವು. ಸುದ್ದಿಗೆ ಕಾಲು ಬಂತು. ಎರಡೇ ದಿನದಲ್ಲಿ ಬೆಟ್ಟದ ಮೇಲಿನ ಊರಿಗೆ ಮುಟ್ಟಿತು. ಸೆಲೆರಿನೋ ಕಳ್ಳತನಕ್ಕೆ ಕೆಲಸ ಕಳಕೊಂಡನಂತೆ. ಕಳ್ಳನ ಸೊಂಟಕ್ಕೆ ನೀರಿನ ಕೀಲಿ ಕಟ್ಟುವುದು ಹೇಗೆ ಅಂತ ಊರವರು ಮಾತಾಡಿಕೊಂಡರು. ಭಾನುವಾರ ಸಭೆ ಸೇರುವುದು ಅಂತಾಯಿತು.

ದೊಡ್ಡಪ್ಪ ನಮ್ಮ ಮನೆಗೆ ಬಂದ. ಅಬುಂದಿಯೋನ ಮಂಚದ ತುದಿಯಲ್ಲಿ ಕೂತ. ಕಾಫಿ ಕೊಟ್ಟರೆ ಮುಟ್ಟಲಿಲ್ಲ.

“ಕೆಲ್ಸ ಹೋದ್ರೆ ಹೋಗ್ಲಿ ಕಣವ್ವ,” ಅಂದ. “ಮತ್ತೆ ಕೊಡ್ಸು ಅಂತ ನಾನು ಕೇಳಾಕಿಲ್ಲ. ನೀನು ಕೊಟ್ಟೆ, ನಾನು ತಿಂದೆ. ಅದೊಂದು ಮಾತು ಆ ಆಫೀಸಿನೋರ ಎದುರ್ಗೆ ಹೇಳು. ನಾನು ಕಳ್ಳ ಅನ್ನಿಸ್ಕೊಂಡು ಸಾಯಾಕಿಲ್ಲ.”

ಹೇಳುತ್ತೇನೆ ಅಂದೆ. ಅಬುಂದಿಯೋ ಗೋಡೆ ಕಡೆ ಮುಖ ತಿರುಗಿಸಿಕೊಂಡ. ದೊಡ್ಡಪ್ಪ ಹೋದ ಮೇಲೆ, ನಿನ್ನನ್ನೂ ಕೆಲಸದಿಂದ ತೆಗೀತಾರೆ ಅಂತ ಅಷ್ಟೇ ಹೇಳಿದ.

ದೊಡ್ಡ ಆಫೀಸಿನಿಂದ ಮಿಸೆಸ್ ಡೆಲನಿ ಅನ್ನುವವಳು, ಆ ರೊಟ್ಟಿ ಅವನ ಕೈಗೆ ಹೇಗೆ ಬಂತು ಅಂತ ವಿಚಾರಣೆಗೆ ಬರುವವಳಿದ್ದಳು. ಅದಕ್ಕೆ ಮುಂಚೆ ಸಾಂತಿಲ್ಯಾನ್ ನನ್ನನ್ನು ಕರೆದ. ಯಾವತ್ತೂ ಇಲ್ಲದ್ದು, ಕುರ್ಚಿ ಎಳೆದು ಕೂರು ಅಂದ.

“ನೋಡಮ್ಮ, ನಿನ್ನ ಮೇಲೆ ನಂಗೇನೂ ಕೋಪ ಇಲ್ಲ. ಮುದುಕ ತಾನೇ ತಗೊಂಡ ಅಂತ ಹೇಳಿಬಿಡು. ನೀನು ಸೇಫ್, ನಾನು ಸೇಫ್. ಅವನು ಹೇಗೂ ಊರಿಗೆ ಹೋಗೋನು. ಆ ಬೆಟ್ಟದ ಮೇಲೆ ಇದನ್ನೆಲ್ಲ ಯಾರು ಕೇಳ್ತಾರೆ?”

ಅಲ್ಲೇ ಕೇಳುವುದು. ಅಲ್ಲಿ ಮಾತ್ರ ಕೇಳುವುದು. ಇವನಿಗೆ ಅದು ಅರ್ಥವಾಗುವ ಹಾಗಿರಲಿಲ್ಲ. ಗಂಡ ಹೇಗಿದ್ದಾನೆ ಅಂತ ವಿಚಾರಿಸಿಕೊಂಡ. ಅವನ ದನಿಯಲ್ಲಿ ಬೆಣ್ಣೆಯಿತ್ತು. ನಾನು ತಲೆ ತಗ್ಗಿಸಿ ಎದ್ದು ಬಂದೆ. ಒಪ್ಪಿಕೊಂಡೆ ಅಂದುಕೊಂಡ.

ವಿಚಾರಣೆ ನಡೆದದ್ದು ಹಿಂದಿನ ಉಗ್ರಾಣದಲ್ಲಿ, ಎಣ್ಣೆ ಡಬ್ಬಗಳ ನಡುವೆ. ಮಿಸೆಸ್ ಡೆಲನಿ ನನ್ನ ಕೈ ಕುಲುಕಿದಳು. ಅವಳಿಗೆ ಸ್ಪ್ಯಾನಿಷ್ ಬರದು. ನನ್ನ ಮಾತನ್ನು ಇಂಗ್ಲಿಷಿಗೆ ಹೇಳಲು ನಿಂತವನು ಸಾಂತಿಲ್ಯಾನನೇ. ಕುರಿ ಕಾಯೋಕೆ ತೋಳವನ್ನು ಇಟ್ಟ ಹಾಗೆ.

“ನಾನೇ ಕೊಟ್ಟೆ,” ಅಂದೆ. “ಅವನು ಕೇಳ್ಲಿಲ್ಲ, ಕದೀಲಿಲ್ಲ. ಹಸಿದಿದ್ದ, ಕೊಟ್ಟೆ.”

ಸಾಂತಿಲ್ಯಾನ್ ಅವಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದ. ಮುದುಕ ಜಬರ್ದಸ್ತಿ ಮಾಡಿದ, ಇವಳು ಹೆದರಿದಳು, ಇವರ ಊರುಗಳಲ್ಲಿ ಹೆಂಗಸರು ಗಂಡಸರಿಗೆ ಎದುರಾಡುವುದಿಲ್ಲ ಅಂದ. ನನಗೆ ಇಂಗ್ಲಿಷ್ ಬಾರದು ಅಂತ ಅವನ ಧೈರ್ಯ. ಇಷ್ಟು ವರ್ಷ ಬಾಯಿ ಮುಚ್ಚಿಸಿದ್ದ, ಕಿವಿ ಮುಚ್ಚಿಸಿರಲಿಲ್ಲ. ಮಿಸೆಸ್ ಡೆಲನಿ ಅಯ್ಯೋ ಪಾಪ ಅನ್ನುವ ಹಾಗೆ ನನ್ನ ತೋಳು ಸವರಿದಳು. ಹೆದರಬೇಡ, ಇನ್ನು ಅವನು ಈ ಕಡೆ ಬರುವುದಿಲ್ಲ ಅಂದಳು.

ಅಲ್ಲಿ ಏನು ಹೇಳಿದರೂ ಅದು ಅವನ ಬಾಯಿಂದಲೇ ಹೊರಗೆ ಬರಬೇಕು, ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದರೂ ಅವನು ತಿರುಚುತ್ತಿದ್ದ. ನಾನು ಎದ್ದೆ. ಆಯ್ತು, ಹೋಗಿ ಹೆಂಚಿನ ಮುಂದೆ ಕೂತುಕೋ, ಊಟದ ಹೊತ್ತು ಅಂದ ಸಾಂತಿಲ್ಯಾನ್.

ಹೋಗುವ ದಾರಿಯಲ್ಲಿ ಪಾತ್ರೆ ತೊಳೆಯುವ ಕೋಣೆ. ನಸಾರಿಯಾ, ಮತ್ತೆ ನಮ್ಮ ಕಡೆಯವರೇ ಐದಾರು ಜನ ತೊಟ್ಟಿಯ ಮುಂದೆ ಬಗ್ಗಿ ನಿಂತಿದ್ದರು. ಬಾಗಿಲಲ್ಲಿ ನಿಂತು ನಮ್ಮ ಮಾತಿನಲ್ಲಿ ಹೇಳಿದೆ, ರೊಟ್ಟಿ ಬೇಯಿಸ್ತೀನಿ, ಬಂದು ಉಣ್ಣಿ ಅಂತ. ನಸಾರಿಯಾ ಕೈ ಒರೆಸಿಕೊಂಡಳು.

“ಎಲ್ಲಿ ಕೂತು ಉಣ್ಣೋದಕ್ಕ?”

“ಕುರ್ಚಿ ಮೇಲೆ.”

ನಾನು ಹೆಂಚಿನ ಮುಂದೆ ಕೂತೆ. ತಟ್ಟಿದೆ. ಮೊದಲನೆಯದು ಉಬ್ಬುವ ಹೊತ್ತಿಗೆ ನಸಾರಿಯಾ ಬಂದು ನಿಂತಿದ್ದಳು. ಉಪ್ಪು ಉದುರಿಸಿ ಕೈಗಿಟ್ಟೆ. ತಲೆಯ ಬಲೆಟೋಪಿ ತೆಗೆದಳು. ಖಾಲಿ ಮೇಜೊಂದರ ಮುಂದೆ ಅತಿಥಿಗಳ ಕುರ್ಚಿಯಲ್ಲಿ ಕೂತಳು. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಒದ್ದೆ ಏಪ್ರನ್‌ಗಳು ಸಾಲಾಗಿ ಬಂದವು. ಒಬ್ಬ ಬರಲಿಲ್ಲ, ಅವನಿಗೆ ಹಸುಗೂಸಿತ್ತು, ಅವನನ್ನು ನಾನು ಬೈಯುವುದಿಲ್ಲ. ಬಂದವರು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ನಿಧಾನಕ್ಕೆ ತಿಂದರು. ಅಲ್ಲಿ ಕೆಲಸ ಮಾಡುತ್ತಾ ಅವರಲ್ಲಿ ಯಾರೂ ಆ ಕುರ್ಚಿಯ ಮೇಲೆ ಅದುವರೆಗೆ ಕೂತಿರಲಿಲ್ಲ.

ಅತಿಥಿಗಳು ಏನು ಮಾಡಿದರು ಗೊತ್ತೇ? ಚಪ್ಪಾಳೆ ಹೊಡೆದರು.

ಹೊಸ ಪ್ರದರ್ಶನ ಅಂದುಕೊಂಡರು. ಫೋನು ಎತ್ತಿ ಹಿಡಿದರು. ಮೂಲೆಯಲ್ಲಿ ನಿಲ್ಲುವ ಹೋಟೆಲಿನ ಗಿಟಾರಿನವನಿಗೆ ಬಾರಿಸು ಅಂತ ಯಾರೋ ಸನ್ನೆ ಮಾಡಿದರು. ನಮ್ಮ ಹೊಟ್ಟೆಯ ಸಂಕಟ ಇವರಿಗೆ ಮನರಂಜನೆ. ನನಗೆ ಅಳು ಬಂತು, ಸಿಟ್ಟು ಬಂತು, ಕೈ ಮಾತ್ರ ನಿಲ್ಲಲಿಲ್ಲ. ತಟ್ಟುತ್ತಲೇ ಇದ್ದೆ. ಬುಟ್ಟಿಯಲ್ಲಿ ರೊಟ್ಟಿ ಏರುತ್ತಾ ಹೋಯಿತು.

ಸಾಂತಿಲ್ಯಾನ್ ಓಡಿ ಬಂದ. ಹಿಂದೆ ಮಿಸೆಸ್ ಡೆಲನಿ. ಅತಿಥಿಗಳ ಎದುರಿಗೆ ಕೂಗುವ ಹಾಗಿಲ್ಲ. ಹಲ್ಲು ಕಿರಿದುಕೊಂಡೇ ನನ್ನ ಕಿವಿಯ ಹತ್ತಿರ ಬಗ್ಗಿದ.

“ಎದ್ದೇಳೇ. ಬುಟ್ಟಿ ತಗೊಂಡು ಹಿಂದಕ್ಕೆ ಹೋಗು. ಹೋಗಿ ಸೋಪು ಹಾಕು.”

ನಾನು ಎದ್ದೆ. ಮಂಡಿ ಜೋಮು ಹಿಡಿದಿತ್ತು, ಒಲೆ ಹಿಡಿದುಕೊಂಡೇ ಎದ್ದೆ. ಹಿಂದಕ್ಕೆ ಹೋದೆ. ನೀಲಿ ಬಾಟಲಿ ತಂದೆ. ಅವನ ಕೈಗೆ ಕೊಟ್ಟೆ.

“ಇಷ್ಟು ದಿನ ಹಿಂದೆ ನಿಂತು ನಾನು ಹುಯ್ದೆ. ಇವತ್ತು ಮುಂದೆ ನಿಂತು ನೀನು ಹುಯ್ಯಿ.”

ಜನ ನೋಡುತ್ತಿದ್ದರು. ಮಿಸೆಸ್ ಡೆಲನಿ ನೋಡುತ್ತಿದ್ದಳು. ಅವನ ಕುತ್ತಿಗೆ ಕೆಂಪಾಯಿತು. ಬಾಟಲಿ ಕೆಳಗಿಟ್ಟು ನಕ್ಕುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒಬ್ಬ ವಾಹಾಕೀತಾಳ ಎದುರಿಗೆ ಸೋಲುವುದು ಅವನಿಂದಾಗಲಿಲ್ಲ. ಬಾಟಲಿ ತಲೆಕೆಳಗಾಗಿ ಹಿಡಿದ. ಬುಟ್ಟಿಯ ಮೇಲೆ ಹುಯ್ದ. ಬಿಸಿ ರೊಟ್ಟಿ ಚುರ್ ಅಂದಿತು. ನೊರೆ ಬಂತು. ಬುಟ್ಟಿಯ ಸಂದಿಯಿಂದ ನೀಲಿ ನೀರು ಇಳಿದು ನೆಲಕ್ಕೆ ತೊಟ್ಟಿಕ್ಕಿತು.

ಚಪ್ಪಾಳೆ ನಿಂತಿತು. ಯಾರೋ ಯಾಕೆ ಅಂತ ಕೇಳಿದರು. ಉತ್ತರ ಕೊಟ್ಟವಳು ನಾನು. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಅಲ್ಲಿದ್ದ ಅಷ್ಟೂ ಜನಕ್ಕೆ ಕೇಳುವ ಹಾಗೆ ಹೇಳಿದೆ. ದಿನಾ ಹೀಗೇ ಮಾಡುತ್ತೇವೆ. ಒಬ್ಬ ಮುದುಕನಿಗೆ ಒಂದು ರೊಟ್ಟಿ ನಾನು ಕೊಟ್ಟೆ. ಅವನನ್ನು ಕಳ್ಳ ಅಂದರು. ಅವನು ಕಳ್ಳನಲ್ಲ. ಸೆಲೆರಿನೋ ಅವನ ಹೆಸರು. ಆಮೇಲೆ ಅದನ್ನೇ ಸ್ಪ್ಯಾನಿಷಿನಲ್ಲಿ ಹೇಳಿದೆ. ಆಮೇಲೆ ನಮ್ಮ ಮಾತಿನಲ್ಲಿ.

ಮಿಸೆಸ್ ಡೆಲನಿಯ ಮುಖ ಸುಣ್ಣವಾಯಿತು. ನಿನಗೆ ಇಂಗ್ಲಿಷ್ ಬರುತ್ತಾ ಅಂತ ಕೇಳಿದಳು. ಅಷ್ಟೆಲ್ಲ ಆದ ಮೇಲೂ ಅವಳು ಕೇಳಿದ್ದು ಅದೊಂದೇ. ಗಾರ್ಡುಗಳು ಬಂದರು. ಜಡೆ ಬಿಚ್ಚಿ ಹೆಂಚಿನ ಪಕ್ಕ ಇಟ್ಟೆ. ನನ್ನನ್ನೂ, ಕುರ್ಚಿಯಲ್ಲಿ ಕೂತಿದ್ದ ಎಲ್ಲರನ್ನೂ ಹೊರಗೆ ಕಳಿಸಿದರು. ಸೋಪು ಹುಯ್ದವನು ಅಲ್ಲೇ ಉಳಿದ.

ಭಾನುವಾರ ಊರಲ್ಲಿ ಸಭೆ ಸೇರಿತು. ಚಾವಡಿಯಲ್ಲಿ ಫೋನನ್ನು ಮೈಕಿನ ಮುಂದೆ ಇಟ್ಟಿದ್ದರು. ಈ ಕಡೆ ನಮ್ಮ ಅಡುಗೆ ಮನೆಯಲ್ಲಿ ನಾನು, ದೊಡ್ಡಪ್ಪ, ನಸಾರಿಯಾ. ದೊಡ್ಡಪ್ಪ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಶಾಲೆ ಹುಡುಗನ ಹಾಗೆ ಕೂತಿದ್ದ. ಊರ ಮುಖ್ಯಸ್ಥ ಮಕಾರಿಯೋ ತಾತ ಕೇಳಿದ, ರೊಟ್ಟಿ ಕೊಟ್ಟವರು ಯಾರು. ನಾನು ಅಂದೆ. ಸೆಲೆರಿನೋ ಹೇಗೆ ತಿಂದ? ಕೂತು ತಿಂದ ತಾತ, ಟೋಪಿ ತೆಗೆದು. ಆ ಕಡೆ ಜನ ಗುಜುಗುಜು ಮಾತಾಡುವುದು ಕೇಳಿಸಿತು. ಮತ್ತೆ ತಾತನ ದನಿ ಬಂತು. ಕೊಟ್ಟಿದ್ದನ್ನ ಕೂತು ತಿಂದೋನು ಕಳ್ಳ ಅಲ್ಲ, ಕೀಲಿ ಅವನದೇ ಅಂದ. ದೊಡ್ಡಪ್ಪ ಟೋಪಿಯಿಂದ ಮುಖ ಮುಚ್ಚಿಕೊಂಡ. ನಸಾರಿಯಾ ಅವನ ಬೆನ್ನು ಸವರಿದಳು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಸೋಪಿನ ಸುದ್ದಿಯೂ ಊರು ಮುಟ್ಟಿತ್ತು.

“ಬಿಸಿ ರೊಟ್ಟಿ ಮ್ಯಾಲೆ ಸೋಪು ಹುಯ್ಯೋರು ಯಾರವ್ವ ಅಲ್ಲಿ?” ಅಂದ ತಾತ.

ನಾನೂ ಹುಯ್ದಿದ್ದೀನಿ ಅಂದೆ. ನಿಂದು ನೀನು ಊರಿಗೆ ಬಂದಾಗ ನೋಡ್ಕಳಣ, ಹುಯ್ಯಿ ಅಂತ ಹೇಳಿದೋನು ಯಾರು ಅಂದ. ಸಾಂತಿಲ್ಯಾನ್ ಹೆಸರು ಹೇಳಿದೆ. ಅವನಿಗೆ ಮೇಲಿನವರು, ಆ ಮೇಲಿನವರಿಗೂ ಮೇಲಿನವರು ಇದ್ದಾರೆ ಅಂದೆ.

“ಕರ್ಸು ಅವರನ್ನ. ಸಭೆ ಮುಂದೆ ಬಂದು ಹೇಳ್ಲಿ.”

“ಅವ್ರು ಬರಾಕಿಲ್ಲ ತಾತ.”

“ಯಾಕೆ ಬರಾಕಿಲ್ಲ?”

ನಮ್ಮೂರಲ್ಲಿ ತಪ್ಪು ಮಾಡಿದವನನ್ನು ಕರೆದರೆ ಬರುತ್ತಾನೆ. ಎಷ್ಟು ದೊಡ್ಡವನಾದರೂ ಬಂದು ನಡುವೆ ನಿಲ್ಲುತ್ತಾನೆ. ಬರದವನನ್ನು ಅವರು ಕಂಡಿಲ್ಲ.

“ನೀನು ಅಲ್ಲೇ ಇದ್ದೀಯಲ್ಲ, ಹೋಗಿ ಕರಿ,” ಅಂದ ತಾತ. “ಬರೋಗಂಟ ನಾವು ಕೇಳ್ತಾನೇ ಇರ್ತೀವಿ.”

ಸೋಮವಾರ ಹೋದೆ. ಮುಂದಿನ ಗೇಟಿಗೇ ಹೋದೆ. ಊಟಕ್ಕೆ ಬುಕ್ ಮಾಡಿದ್ದೀರಾ ಅಂತ ಕೇಳಿದರು. ಊಟಕ್ಕೆ ಬಂದಿಲ್ಲ, ನಿಮ್ಮ ಸಾಹೇಬರನ್ನ ನಮ್ಮೂರ ಸಭೆಗೆ ಕರೆಯೋಕೆ ಬಂದಿದ್ದೀನಿ ಅಂದೆ. ಗಾರ್ಡು ಇನ್ನೊಬ್ಬ ಗಾರ್ಡಿನ ಮುಖ ನೋಡಿ ನಕ್ಕ. ಮಂಗಳವಾರ ನಸಾರಿಯಾ ಜೊತೆಗೆ ಬಂದಳು. ಆ ವಾರ ಪೂರ್ತಿ ಹೋದೆವು, ಓಡಿಸಿದರು, ಮತ್ತೆ ಹೋದೆವು. ಹೊಸ ವರ್ಷ ಬಂತು, ದೊಡ್ಡಪ್ಪ ಊರು ಸೇರಿ ಕೀಲಿ ಕಟ್ಟಿಕೊಂಡಾಯಿತು. ಬಂದ್ರಾ ಅಂತ ಊರಿಂದ ಪ್ರತಿ ಭಾನುವಾರ ಫೋನು ಬರುತ್ತೆ. ಇನ್ನೂ ಇಲ್ಲ ತಾತ, ನಾಳೆ ಮತ್ತೆ ಹೋಗ್ತೀನಿ ಅನ್ನುತ್ತೇನೆ.